ಗಾಜಿನ ಈರುಳ್ಳಿ

ಹೊಸದುರ್ಗದಲ್ಲಿ ನನ್ನ ಗೆಳತಿ ಚೌಡೇಶ್ವರಿಯ ಮನೆಯ ಸಾಮಾನಿನ ಕೋಣೆಗೆ ಪೂರ್ವ ದಿಕ್ಕಿಗೆ ಒಂದು ಚಿಕ್ಕ ಕಿಟಕಿಯಿದೆ. ಅದರ ಬಾಗಿಲು ಯಾವುದೋ ಮಳೆಗಾಲದಲ್ಲಿ ಊದಿಕೊಂಡು, ಎಳೆದು ಮುಚ್ಚಲು ಹೋದಾಗ ಕಿತ್ತು ಬಂದಿತ್ತು. ಆಮೇಲೆ ಆ ಜಾಗಕ್ಕೊಂದು ಗೋಣಿಚೀಲ ಕಟ್ಟಿದ್ದರು. ರಾಗಿ ಮೂಟೆ, ಈರುಳ್ಳಿ ಚೀಲ, ತೆಂಗಿನಕಾಯಿ ರಾಶಿ ಇಡುವ ಕೋಣೆಗೆ ಬೆಳಕು ಯಾಕೆ ಎಂದು ಯಾರೂ ರಿಪೇರಿಗೆ ಹೋಗಲಿಲ್ಲ. ಚೌಡೇಶ್ವರಿಗೆ ಮಾತ್ರ ಆ ಕಿಟಕಿಯ ಮೇಲೆ ಕಣ್ಣು. ತಾನು ಮಾಡಿದ ಬಣ್ಣದ ಗಾಜನ್ನು ಅಲ್ಲಿ ಕೂರಿಸಬೇಕು, ಅದರಿಂದ ಬೆಳಕು ಹಾಯುವುದನ್ನು ಮನೆಯೊಳಗೆ ನಿಂತು ನೋಡಬೇಕು ಎಂಬುದು ಅವಳ ಆಸೆ. ಅದಕ್ಕೆ ಅಡ್ಡ ಇದ್ದವರು ಅವಳ ಅತ್ತೆ ಕಾಟಮ್ಮ.

ಚೌಡೇಶ್ವರಿ ಹೋಗಿ ವರ್ಷವಾಗುತ್ತ ಬಂತು. ಅವಳ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಬಳೆಚೂರಿನಿಂದಲೇ ಶುರುವಾಗುತ್ತದೆ.

ನಾವಿಬ್ಬರೂ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಗ ಹೆಣ್ಣುಮಕ್ಕಳ ಲಂಗದ ಜೇಬಿನಲ್ಲಿ ಒಡೆದ ಬಳೆಯ ಚೂರು ಇದ್ದೇ ಇರುತ್ತಿತ್ತು. ಬುಡ್ಡಿದೀಪದ ಉರಿಗೆ ಚೂರು ಹಿಡಿಯುವುದು, ಮೆತ್ತಗಾದೊಡನೆ ತುದಿಗೆ ತುದಿ ಕೂಡಿಸಿ ಕೊಂಡಿ ಮಾಡುವುದು, ಕೊಂಡಿಗೆ ಕೊಂಡಿ ಸೇರಿಸಿ ಸರ ಕಟ್ಟುವುದು. ನಮ್ಮೆಲ್ಲರ ಸರವೂ ಮಸಿ ಹಿಡಿದು ಕರ್ರಗಾಗುತ್ತಿತ್ತು, ಅವಳದು ಮಾತ್ರ ಆಗುತ್ತಿರಲಿಲ್ಲ. ಅವಳು ಚೂರನ್ನು ಉರಿಯೊಳಗೆ ಹಿಡಿಯದೆ ಉರಿಯ ತುದಿಗಿಂತ ಕೂದಲೆಳೆಯಷ್ಟು ಮೇಲೆ ಹಿಡಿಯುತ್ತಿದ್ದಳು. ಬೆರಳು ಸುಟ್ಟರೂ ಬಿಡುತ್ತಿರಲಿಲ್ಲ. ಆ ಸರವನ್ನು ಶಾಲೆಯ ಕಿಟಕಿಗೆ ನೇತುಹಾಕಿದ್ದ ದಿನ ಪಾಠ ಕೇಳದೆ ನೆಲದ ಮೇಲೆ ಆಡುವ ಕೆಂಪು, ಹಸಿರು ಚುಕ್ಕೆಗಳನ್ನೇ ನೋಡುತ್ತ ಕೂತದ್ದು ನನಗೆ ನೆನಪಿದೆ. ಮೇಷ್ಟ್ರೂ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಆಮೇಲೆ ಬಯ್ದರು.

ಮುಂದೆ ಇಬ್ಬರೂ ಹೊಸದುರ್ಗಕ್ಕೇ ಸೊಸೆಯರಾಗಿ ಬಂದೆವು. ಅವಳ ಗಂಡ ದುರ್ಗೇಶನದು ಬಸ್ ಸ್ಟ್ಯಾಂಡ್ ಹತ್ತಿರ ಫೋಟೋ ಫ್ರೇಮಿನ ಅಂಗಡಿ. ದೇವರ ಪಟ, ತೀರಿಕೊಂಡವರ ಪಟ, ಮದುವೆಯ ಪಟ, ಎಲ್ಲಕ್ಕೂ ಗಾಜು ಕೊಯ್ದು ಕಟ್ಟು ಹಾಕುವುದು ಅವನ ಕೆಲಸ. ಅಂಗಡಿಯಲ್ಲಿ ಉಳಿದ ರಟ್ಟು, ಹಳೇ ಕ್ಯಾಲೆಂಡರುಗಳನ್ನು ನೆನೆಸಿ, ರುಬ್ಬಿ, ತೆಂಗಿನ ನಾರು ಬೆರೆಸಿ ಅವಳು ಮನೆಯಲ್ಲೇ ದಪ್ಪ ಕಾಗದ ಮಾಡಿ ಕಾರ್ಡು ಮಾಡತೊಡಗಿದಳು. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಎಲ್ಲರೂ ಆಮೇಲೆ ಅರಿಶಿನ ಹಚ್ಚುತ್ತಾರೆ. ಇವಳು ಕಾಗದ ಹಸಿಯಿದ್ದಾಗಲೇ ಮೂಲೆಗಳಲ್ಲಿ ಅರಿಶಿನ ಕೂಡಿಸಿಬಿಡುತ್ತಿದ್ದಳು. ನಾಮಕರಣಕ್ಕೆ, ಮದುವೆಗೆ ಜನ ಕೇಳಿಕೊಂಡು ಬರುತ್ತಿದ್ದರು. ಕಾಟಮ್ಮನವರೂ ಅಂಗಳದಲ್ಲಿ ಕಾಗದ ಒಣಗಿಸಲು ಕೈ ಹಾಕುತ್ತಿದ್ದರು, ಕೋಳಿ ಬಂದು ತುಳಿಯದಂತೆ ಕೋಲು ಹಿಡಿದು ಕೂರುತ್ತಿದ್ದರು.

ತಕರಾರು ಬಂದದ್ದು ಗಾಜಿನ ವಿಷಯಕ್ಕೆ. ಗಾಜಿನ ಚೂರುಗಳ ಅಂಚಿಗೆ ತಾಮ್ರದ ತೆಳು ಪಟ್ಟಿ ಸುತ್ತಿ, ಒಂದಕ್ಕೊಂದು ಜೋಡಿಸಿ ಬೆಸುಗೆ ಹಾಕಿ ಚಿತ್ರ ಮಾಡುವುದನ್ನು ಅವಳು ಫೋನಿನಲ್ಲಿ ನೋಡಿ ಕಲಿತಳು. ಬೆಸುಗೆಯ ಹದವನ್ನು ಮೊಬೈಲ್ ರಿಪೇರಿಯವನಿಂದ ಕೇಳಿಕೊಂಡಳು. ಬಣ್ಣದ ಗಾಜಿಗೆ ಬಾಟಲಿ, ಕೆಡವಿದ ಹಳೇ ಮನೆಗಳ ವೆಂಟಿಲೇಟರು, ಬಳೆ. ಆದರೆ ಒಡೆದ ಗಾಜು ಹೊಸಿಲು ದಾಟಬಾರದೆಂಬುದು ಕಾಟಮ್ಮನವರ ಕಟ್ಟುನಿಟ್ಟು. ಮನೆಯಲ್ಲಿ ಲೋಟ ಬಿರುಕು ಬಿಟ್ಟರೆ ಅದು ಮರುಕ್ಷಣವೇ ಬೀದಿ ಪಾಲು. ಗಾಜಿನ ವ್ಯಾಪಾರದ ಮನೆಯಾದರೂ ದುರ್ಗೇಶ ಅಂಗಡಿಯಿಂದ ಬಂದವನು ಅಂಗಿ ಕೊಡವಿಯೇ ಒಳಗೆ ಬರಬೇಕು. ಹಾಗಾಗಿ ಚೌಡೇಶ್ವರಿಯ ಗಾಜಿನ ಕೆಲಸವೆಲ್ಲ ಹಿತ್ತಲಿನ ನೀರಿನ ತೊಟ್ಟಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ. ಕಾಟಮ್ಮ ಅಲ್ಲಿಗೇ ಚಾ ತಂದುಕೊಡುತ್ತಿದ್ದರು, ಆದರೆ ಶೆಡ್ಡಿನ ಒಳಗೆ ಕಾಲಿಡುತ್ತಿರಲಿಲ್ಲ.

ಅವಳ ಕೆಲಸ ಒಡೆದ ಗಾಜಾಗಿ ಕಂಡದ್ದು ಕಾಟಮ್ಮನವರೊಬ್ಬರಿಗೇ ಅಲ್ಲ. ದುರ್ಗೇಶನ ಚಿಕ್ಕಪ್ಪನ ಮಗ ಕಲ್ಲೇಶ್ ಹೊಳಲ್ಕೆರೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಚೌಡೇಶ್ವರಿ ಗಾಜಿನ ನವಿಲು ಮಾಡಿ ಕಳಿಸಿದಳು. ಕತ್ತಿಗೆ ಅವಳಿಗೆ ಸಿಕ್ಕಿದ್ದ ಒಂದೇ ನೇರಳೆ ಬಣ್ಣದ ಗಾಜು ಹಾಕಿದ್ದಳು. ವಾರ ಕಳೆಯುವುದರಲ್ಲಿ ಕಲ್ಲೇಶ್ ಅದನ್ನು ಹೊದಿಕೆಯಲ್ಲಿ ಸುತ್ತಿ ಬೈಕಿನಲ್ಲಿ ಅಂಗಡಿಗೆ ತಂದ. ದುರ್ಗೇಶನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ:

"ಅಣ್ಣ, ತರುವಾಗ ದಾರಿಯಾಗೆ ಒಡದು ಹೋಗೈತೆ, ಪಾಪ, ಅತ್ತಿಗೆಗೆ ಹೇಳಬ್ಯಾಡ. ಯಾರೋ ಅಂಟು ಹಾಕಿ ಕೂಡಿಸ್ಯಾರೆ ಬೇರೆ. ಗಾಜೊಂದು ಬದಲಿಸಿ ಕೊಡು, ಫ್ರೇಮು ಚೆನ್ನಾಗೈತೆ."

ಅದನ್ನು ನನಗೆ ಹೇಳುವಾಗ ಚೌಡೇಶ್ವರಿ ನಕ್ಕು ನಕ್ಕು ಶೆಡ್ಡಿನ ಬೆಂಚಿನಿಂದ ಕೆಳಗೆ ಜಾರಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ನವಿಲಿನ ಬೆಸುಗೆಯನ್ನು ಅಲ್ಲೇ ಕಾಯಿಸಿ ಬಿಡಿಸತೊಡಗಿದಳು. ನೇರಳೆ ಗಾಜನ್ನು ಬೇರೆ ಎತ್ತಿಟ್ಟಳು.

ಅವಳ ಕಿಡ್ನಿ ಕೆಟ್ಟದ್ದು ಅದೇ ವರ್ಷ. ವಾರಕ್ಕೆ ಎರಡು ಸಲ ಚಿತ್ರದುರ್ಗಕ್ಕೆ ಹೋಗಿ ರಕ್ತ ಶುದ್ಧಿ ಮಾಡಿಸಬೇಕಿತ್ತು. ದುರ್ಗೇಶನಿಗೆ ಅಂಗಡಿ ಬಿಡಲಾಗದ ದಿನ ನಾನು ಜೊತೆಗೆ ಹೋಗುತ್ತಿದ್ದೆ. ಆಸ್ಪತ್ರೆಯಿಂದ ಹೊರಬಂದಾಗ ಅವಳ ಮುಖ ಬೂದಿಯಂತಿರುತ್ತಿತ್ತು. ನಡೆಯಲು ಕಷ್ಟ. ಆದರೂ, ಬಳೆ ಅಂಗಡಿ ಹಾಯ್ದು ಹೋಗಾಣ ಅನ್ನುತ್ತಿದ್ದಳು. ಅಲ್ಲಿಯ ಬಳೆಗಾರ ತೊಡಿಸುವಾಗ ಒಡೆದ ಬಳೆಗಳನ್ನು ಇವಳಿಗೆಂದೇ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಸಿಡುತ್ತಿದ್ದ. ವಾಪಸು ಬಸ್ಸಿನಲ್ಲಿ, ದೂರದ ಗುಡ್ಡದ ಸಾಲಿನ ಮೇಲೆ ಕರೆಂಟು ಮಾಡುವ ಗಾಳಿಯ ಫ್ಯಾನುಗಳು ತಿರುಗುತ್ತಿರುವಾಗ, ಅವಳು ಡಬ್ಬಿಯಿಂದ ಒಂದೊಂದೇ ಚೂರು ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಹಿಂದಿನ ಸೀಟಿನವರು ಎದ್ದು ನಿಂತು ನೋಡುತ್ತಿದ್ದರು. ಅಷ್ಟು ಸುಸ್ತಾದ ಒಬ್ಬ ಹೆಂಗಸಿನ ಕಣ್ಣಿನಲ್ಲಿ ಅಷ್ಟು ಬೆಳಕು ಎಲ್ಲಿಂದ ಬರುತ್ತದೆಂದು ನನಗೆ ಈಗಲೂ ತಿಳಿಯದು.

ಬಳೆಯನ್ನು ಚಿತ್ರಕ್ಕೆ ಒಗ್ಗಿಸುವುದು ಅವಳಿಗೆ ದೊಡ್ಡ ತಲೆನೋವಾಗಿತ್ತು. ಅದರ ಬಾಗು ಯಾವುದಕ್ಕೂ ಕೂರುತ್ತಿರಲಿಲ್ಲ. ಉರಿಗೆ ಹಿಡಿದು ನೆಟ್ಟಗೆ ಮಾಡಲು ಹೋದರೆ ಬಣ್ಣ ಮಂಕಾಗುತ್ತಿತ್ತು. ಒಂದು ಮಧ್ಯಾಹ್ನ ನಾನು ಅವಳ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಮೊಳಕೆ ಬಂದ ಈರುಳ್ಳಿಯೊಂದನ್ನು ಅಡ್ಡಕ್ಕೆ ಕೊಯ್ದವಳು ಕತ್ತಿ ಕೆಳಗಿಟ್ಟಳು. ಅರ್ಧ ಹೋಳನ್ನು ನನ್ನ ಮುಖದ ಮುಂದೆ ಹಿಡಿದಳು.

"ಅಂಜು, ನೋಡೆ. ಬರೇ ಬಳೆ ಇದರಾಗೆ."

ಸುತ್ತಿನೊಳಗೆ ಸುತ್ತು, ಹೊರಗೆ ನೇರಳೆ, ಆಮೇಲೆ ಗುಲಾಬಿ, ಆಮೇಲೆ ನೀರಿನಂಥ ಬಿಳಿ, ನಟ್ಟನಡುವೆ ಮೊಳಕೆಯ ಹಸಿರು. ಆವತ್ತಿನಿಂದ ಅವಳು ಬಳೆಯನ್ನು ನೆಟ್ಟಗೆ ಮಾಡಲು ಹೋಗಲಿಲ್ಲ. ಸಾಮಾನಿನ ಕೋಣೆಯ ಕಿಟಕಿಯ ಅಳತೆ ತೆಗೆದು, ಕಿಟಕಿ ತುಂಬುವಷ್ಟು ದೊಡ್ಡದೊಂದು ಹೆಚ್ಚಿದ ಈರುಳ್ಳಿ ಮಾಡಲು ಕೂತಳು.

ಸೂಜಿ ಚುಚ್ಚಿ ಚುಚ್ಚಿ ಅವಳ ಎಡತೋಳಿನ ನರ ಹಗ್ಗದಂತೆ ಉಬ್ಬಿತ್ತು. ಆ ಕೈಯನ್ನು ದಿಂಬಿನ ಮೇಲಿಟ್ಟು ಬಲಗೈಯಲ್ಲೇ ಕೆಲಸ. ಉಗುರಿನಷ್ಟು ಚೂರಿಗೂ ತಾಮ್ರ ಸುತ್ತಿ, ಕಡ್ಡಿಯಿಂದ ಉಜ್ಜಿ, ಪಕ್ಕದ ಚೂರಿಗೆ ಒತ್ತಿ ನೋಡುವಳು. ಸರಿ ಕೂರದಿದ್ದರೆ ತೆಗೆದು ಅಂಚನ್ನು ಒಂದು ಕೂದಲಿನಷ್ಟು ತೇಯುವಳು. ಕೆಲವು ದಿನ ಒಂದು ಚೂರೂ ಕೂರುತ್ತಿರಲಿಲ್ಲ. ಹೊರಗಿನ ಸಿಪ್ಪೆಗೆ ನವಿಲಿನ ಕತ್ತಿನ ನೇರಳೆ ಬಂತು. ಕಟ್ಟಕಡೆಗೆ ನಡುವಿನ ಹಸಿರು ಮೊಳಕೆ ಕೂರಿಸಿ, ದುರ್ಗೇಶನಿಂದ ಎತ್ತಿಸಿ ಶೆಡ್ಡಿನ ಬಾಗಿಲಿಗೆ ಒರಗಿಸಿದಾಗ ನಾನಿದ್ದೆ. ಬಿಸಿಲು ಅದರಿಂದ ಹಾದು ತೊಟ್ಟಿಯ ನೀರಿಗೆ ಬಿತ್ತು. ನೀರು ಅಲುಗಿದಂತೆ ಸುತ್ತುಗಳೆಲ್ಲ ಬಿಚ್ಚಿಕೊಂಡವು, ಮತ್ತೆ ಕೂಡಿಕೊಂಡವು. ದುರ್ಗೇಶ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತ. ದಿನವೂ ತಿನ್ನುವ ವಸ್ತುವಿನ ಎದುರು ಗುಡಿಯಲ್ಲಿ ನಿಂತ ಹಾಗೆ ನಿಂತೆವು.

ಚಾ ಹಿಡಿದು ಬಂದ ಕಾಟಮ್ಮ ಒಂದು ಗಳಿಗೆ ನೋಡಿದರು. "ಈರುಳ್ಳಿ ನೋಡಾಕೆ ಗಾಜು ಬೇಕೇನೆ? ಒಳಗೆ ಚೀಲಗಟ್ಲೆ ಐತಲ್ಲ," ಎಂದು ಲೋಟ ಇಟ್ಟು ಹೋದರು.

ಬೇಸಿಗೆ ಮುಗಿಯುವ ಹೊತ್ತಿಗೆ ಚೌಡೇಶ್ವರಿ ಹಾಸಿಗೆ ಹಿಡಿದಳು. ಬಚ್ಚಲಿಗೆ ಹತ್ತಿರವೆಂದು ಅವಳ ಮಂಚವನ್ನು ಸಾಮಾನಿನ ಕೋಣೆಗೇ ಹಾಕಿದರು. ತಲೆಯ ಬಳಿ ಅದೇ ಕಿಟಕಿ, ಅದೇ ಗೋಣಿಚೀಲ. ಗಾಜು ಮಾತ್ರ ಹಳೇ ಸೀರೆ ಸುತ್ತಿಕೊಂಡು ಶೆಡ್ಡಿನಲ್ಲಿ. ಒಂದು ದಿನ ಕಾಟಮ್ಮ ಸಂತೆಗೆ ಹೋದದ್ದು ನೋಡಿ, ಈಗಲೇ ತಂದು ಕೂರಿಸಿಬಿಡೋಣ, ಅವರು ಬರುವಷ್ಟರಲ್ಲಿ ತೆಗೆದರಾಯಿತು, ನೀನೊಮ್ಮೆ ನೋಡು ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಕದ್ದು ತಂದ್ರೆ ಅದಕ್ಕೆ ಮರ್ಯಾದೆ ಇರಲ್ಲ ಕಣೆ. ನಾನೂ ಈ ಮನೆಗೆ ಅತ್ತೆ ಬಾ ಅಂದ ಮ್ಯಾಲೆ ತಾನೆ ಸೇರು ಒದ್ದು ಬಂದಿದ್ದು? ಅದೂ ಹಂಗೇ ಬರ್ಲಿ."

ಅತ್ತೆಯವರು ಎಂದೂ ಬಾ ಅನ್ನದಿದ್ದರೆ ಎಂದು ಕೇಳಿದೆ. ಅವಳು ಗೋಣಿಚೀಲದ ತೂತುಗಳಿಂದ ಬರುತ್ತಿದ್ದ ಬೆಳಕಿನ ಚುಕ್ಕೆಗಳನ್ನು ನೋಡುತ್ತ ಮಲಗಿದ್ದಳು.

ಆಷಾಢದ ಒಂದು ಬೆಳಿಗ್ಗೆ, ಕಾಟಮ್ಮ ಗಂಜಿ ಕುಡಿಸುತ್ತಿದ್ದಾಗಲೇ, ಹೋದಳು.

ಜೀವ ಹೋದ ಜಾಗದಲ್ಲಿ ಹನ್ನೊಂದನೆಯ ದಿನದವರೆಗೆ ದೀಪ ಆರದಂತೆ ಉರಿಸುವುದು ಆ ಮನೆಯ ಪದ್ಧತಿ. ಮಣ್ಣು ಮಾಡಿ ಬಂದ ಮೇಲೆ ಮಂಚ ತೆಗೆದು, ನೆಲ ಸಾರಿಸಿ, ಕಾಟಮ್ಮನೇ ದೀಪ ಹಚ್ಚಿದರು. ಆದರೆ ನಮ್ಮ ಕಡೆಯ ಆಷಾಢದ ಗಾಳಿ ಎಂದರೆ ಹೆಂಚು ಹಾರಿಸುವ ಗಾಳಿ. ಗೋಣಿಚೀಲದ ಸಂದಿಯಿಂದ ನುಗ್ಗಿ ದೀಪ ಆರಿಸಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಕಿಟಕಿಗೆ ರಟ್ಟು ಕಟ್ಟಿದರು, ಗಾಳಿ ಅದನ್ನು ಹರಿದು ಒಳಗೆ ಎಸೆಯಿತು. ಕಾಟಮ್ಮ ದೀಪಕ್ಕೆ ಬೆನ್ನು ಅಡ್ಡ ಕೊಟ್ಟು, ಸೆರಗು ಹರಡಿ ಕೂತರು. ಹೊಸ ಗಾಜು ಕೂರಿಸೋಣವೆಂದರೆ ಸೂತಕ ಕಳೆಯುವ ತನಕ ದುರ್ಗೇಶ ಅಂಗಡಿ ತೆಗೆಯುವಂತಿಲ್ಲ, ಕೊಯ್ಯುವ ಕೆಲಸ ಮುಟ್ಟುವಂತಿಲ್ಲ. ಮೂರನೆಯ ದಿನ ಸಂಜೆ ನಾನು ಹೋದಾಗಲೂ ಅವರು ಹಾಗೆಯೇ ಕೂತಿದ್ದರು. ಬೆನ್ನು ಬಗ್ಗಿ ಹೋಗಿತ್ತು. ದೀಪ ಇನ್ನೊಮ್ಮೆ ಆರಿದಾಗ ತಲೆಯೆತ್ತಿ ಮಗನನ್ನು ಕರೆದರು.

"ಶೆಡ್ಡಿನಾಗೆ ಐತಲ್ಲ ಅವಳದು, ಇದೇ ಕಿಟಕಿ ಅಳತೇದು. ತಗಂಬಾ."

ದುರ್ಗೇಶ ಕದಲಲಿಲ್ಲ. "ಅವ್ವ, ಅದು ಒಡದ ಗಾಜು ಅಂತ ನೀನೇ..."

"ಒಡೆಯಾದು ಒಡದಾಯ್ತಲ್ಲಪ್ಪ. ಇನ್ನೇನು ಉಳದೈತೆ ಈ ಮನ್ಯಾಗೆ ಒಡೆಯಾಕೆ? ತಗಂಬಾ."

ಅವನು ಸುತ್ತಿದ್ದ ಸೀರೆ ಬಿಚ್ಚಿ ಗಾಜನ್ನು ತಂದ. ಹೊಸಿಲ ಹತ್ತಿರ ನಿಂತ. ಕಾಟಮ್ಮ ಗೋಡೆ ಹಿಡಿದು ಎದ್ದು ಬಂದು, ಗಾಜಿನ ಒಂದು ಅಂಚಿಗೆ ಕೈ ಕೊಟ್ಟು, "ಬಲಗಾಲು ಮುಂದಿಟ್ಟು ಬಾರಪ್ಪ," ಎಂದರು. ಗಾಜು ಕಿಟಕಿಗೆ ಕೂತಿತು, ಎಲ್ಲೂ ಒಂದು ಎಳೆ ಸಂದಿಯಿರಲಿಲ್ಲ. ದೀಪ ಹಚ್ಚಿದರು. ಹೊರಗೆ ಗಾಳಿ ಅಬ್ಬರಿಸುತ್ತಲೇ ಇತ್ತು, ಒಳಗೆ ಬತ್ತಿಯ ಕುಡಿ ನೆಟ್ಟಗೆ ನಿಂತಿತ್ತು.

ಮರುದಿನ ಬೆಳಿಗ್ಗೆ ಮೋಡ ಬಿರಿದು ಬಿಸಿಲು ಬಂತು. ನಾನು ಒಳಗೆ ಹೋದಾಗ ಕಾಟಮ್ಮ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದರು. ಎದುರಿನ ಗೋಡೆಯ ತುಂಬ ಈರುಳ್ಳಿ. ಅದು ಮೆಲ್ಲಗೆ ಇಳಿಯಿತು, ರಾಗಿ ಮೂಟೆಗಳ ಮೇಲೆ, ತೆಂಗಿನಕಾಯಿಗಳ ಮೇಲೆ, ದೀಪದ ಮೇಲೆ, ಕಾಟಮ್ಮನವರ ಪಾದದ ಮೇಲೆ. ಗುಲಾಬಿ ಬಣ್ಣ ಮಡಿಲಿಗೆ ಬಂದಾಗ, ಕಾಳು ಕಟ್ಟಿಕೊಳ್ಳುವವರಂತೆ ಅವರು ಸೆರಗಿನ ಎರಡು ತುದಿ ಹಿಡಿದು ಹಾಸಿದರು. ಅದರೊಳಗೆ ಬಗ್ಗಿ ನೋಡಿದರು.

"ಇಷ್ಟೊಂದು ಐತೇನೆ ಇದರಾಗೆ," ಎಂದರು. ನನಗಂತೂ ಹೇಳಿದ್ದಲ್ಲ.

ಹನ್ನೊಂದನೆಯ ದಿನ ಕಲ್ಲೇಶ್ ಬಂದ. ಬಹಳ ಹೊತ್ತು ಆ ಕೋಣೆಯಲ್ಲಿ ನಿಂತು, ಹೊರಗೆ ಬಂದು ದುರ್ಗೇಶನನ್ನು ಕೇಳಿದ, ತಾನು ತಂದುಕೊಟ್ಟ ನವಿಲು ಇನ್ನೂ ಇದೆಯಾ ಎಂದು. ಇದೆ, ಸಿಪ್ಪೆಯಲ್ಲಿದೆ ನೋಡು ಎಂದು ದುರ್ಗೇಶ ಒಳಗೆ ಕರೆದುಕೊಂಡು ಹೋಗಿ ನೇರಳೆ ಗಾಜನ್ನು ತೋರಿಸಿದ. ಕಲ್ಲೇಶ್ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಊಟಕ್ಕೂ ಕೂರದೆ ಬೈಕ್ ಹತ್ತಿದ.

ಮೊನ್ನೆ ಆ ಕಡೆ ಹೋಗಿದ್ದೆ. ಸಾಮಾನಿನ ಕೋಣೆಯಲ್ಲಿ ಒಂದು ಚೀಲವೂ ಇರಲಿಲ್ಲ. ಈರುಳ್ಳಿ, ರಾಗಿ, ಕಾಯಿ ಎಲ್ಲ ನಡುಮನೆಯ ಮೂಲೆಯಲ್ಲಿ, ಓಡಾಡಲು ಜಾಗವಿಲ್ಲದಂತೆ ಒಟ್ಟಿದ್ದರು. ಇದೇನು ಕಾಟಮ್ಮ ಎಂದೆ. ಅವರು ಖಾಲಿ ಕೋಣೆಯ ನೆಲಕ್ಕೆ ಒಂದು ಚಾಪೆ ಬಿಡಿಸುತ್ತಿದ್ದರು.

"ಬೆಳಕು ಬಿದ್ರೆ ಈರುಳ್ಳಿ ಮೊಳಕೆ ಬರ್ತಾವೆ ಕಣವ್ವ," ಎಂದರು. "ಅದಕ್ಕೇ ಎತ್ತಿಸಿದೆ. ಕುಂತ್ಕ, ಇನ್ನೇನು ಬಿಸಿಲು ಬರೋ ಹೊತ್ತು."