ಆನೆಟ್ ತಂದಿಟ್ಟ ಲೋಟ

ಆನೆಟ್ ಕಾರ್ಖಾನೆಯಲ್ಲಿ ನಮ್ಮ ಸಾಲಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಫ್ಲಾಸ್ಕಿನ ಮುಚ್ಚಳದಲ್ಲೇ ಕಾಫಿ ಕುಡಿಯುತ್ತಿದ್ದಳು. ನಮ್ಮೆಲ್ಲರ ಲೋಟಗಳು ಕಿಟಕಿಯ ಪಕ್ಕದ ಹಲಗೆಯ ಮೇಲಿರುತ್ತವೆ.

"ನೀನೂ ಒಂದು ತಂದಿಡೇ ಮಾರಾಯ್ತಿ, ಇಲ್ಲೇನು ಕಳ್ಳರಿದ್ದಾರಾ?" ಎಂದು ರೇಗಿಸಿದೆ.

"ಇಟ್ರೆ ಮತ್ತೆ ಹೊತ್ಕೊಂಡು ಹೋಗ್ಬೇಕಲ್ಲ, ಗುಡ್ರುನ್," ಎಂದಳು.

ನಾನು ನೀಲಿ ಅಂಗಿಯವಳು, ಕಾರ್ಖಾನೆಯ ಸ್ವಂತದವಳು, ಕಾಯಂ ಕೆಲಸದವಳು. ಅವಳದು ಬೂದು ಅಂಗಿ. ಅಂದರೆ ಏಜೆನ್ಸಿಯೊಂದು ನಮಗೆ ಎರವಲು ಕೊಟ್ಟ ಆಳು. ಕಾರಿನ ದೀಪ ಜೋಡಿಸುವ ಕೆಲಸ ಇಬ್ಬರದೂ ಒಂದೇ. ನನ್ನನ್ನು ತೆಗೆಯಬೇಕಾದರೆ ಕಾರ್ಖಾನೆಯವರು ನೂರು ಸಲ ಯೋಚಿಸಬೇಕು, ಅವಳನ್ನು ತೆಗೆಯಲು ಒಂದು ಫೋನು ಸಾಕು. ಆ ಫೋನು ಸಾಮಾನ್ಯವಾಗಿ ಶುಕ್ರವಾರ ಬರುತ್ತದೆ. ಶುಕ್ರವಾರ ಯಾರ ಜೇಬಿನಲ್ಲಿ ಏನು ಕಿಣಿಗುಟ್ಟಿದರೂ ಆನೆಟ್ ಬೆಚ್ಚಿಬೀಳುತ್ತಿದ್ದಳು.

ಹರೆಯದಲ್ಲಿ ಅವಳು ಬೆಟ್ಟದಾಚೆಯ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಮೇಲೆ ಹೂ ಬರೆಯುತ್ತಿದ್ದಳಂತೆ. ಅದು ಮುಚ್ಚಿದ ಮೇಲೆ ಏಜೆನ್ಸಿ ಕಳಿಸಿದಲ್ಲಿಗೆಲ್ಲ ಹೋದಳು: ಬಿಸ್ಕತ್ತು ತುಂಬಿದಳು, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದಳು, ಮೊಟ್ಟೆ ಆರಿಸಿದಳು. ಎಲ್ಲೂ ಅವಳನ್ನು ಉಳಿಸಿಕೊಳ್ಳಲಿಲ್ಲ. ನಮ್ಮಲ್ಲಿ ಜ್ವರ ಬಂದರೂ ಮಾತ್ರೆ ನುಂಗಿ ಬರುತ್ತಿದ್ದಳು. ರಜೆ ಹಾಕಿದರೆ ಮತ್ತೆ ಕರೆಯುತ್ತಾರೆಂಬ ಖಾತ್ರಿಯೇ ಇರಲಿಲ್ಲ.

ಎರವಲು ಆಳನ್ನು ಹದಿನೆಂಟು ತಿಂಗಳ ಮೇಲೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನಿದೆ. ಸ್ವಂತ ಮಾಡಿಕೊಳ್ಳಬೇಕು, ಇಲ್ಲವೇ ವಾಪಸು ಕಳಿಸಬೇಕು. ಆದರೆ ಮೂರು ತಿಂಗಳು ಮನೆಯಲ್ಲಿ ಕೂರಿಸಿ ಮತ್ತೆ ಮೊದಲಿನಿಂದ ಎರವಲು ತರಬಹುದು! ಎಂಥ ನಾಜೂಕು ನೋಡಿ.

ಅವಳ ಗಡುವು ಹತ್ತಿರ ಬಂತು. ಅವಳ ಜೊತೆಗೇ ಬಂದಿದ್ದ ಡೋರೀನ್‌ಳದೂ ಬಂತು. ಡೋರೀನ್ ಅವಳ ಊರಿನವಳೇ, ಚಿಕ್ಕ ಪ್ರಾಯದ ಹುಡುಗಿ. ಬೆಳಗಿನ ಪಾಳಿಗೆ ಆ ಊರಿಂದ ಬಸ್ಸಿಲ್ಲ, ಡೋರೀನ್‌ಗೆ ಗಾಡಿ ಓಡಿಸಲು ಬಾರದು. ಆನೆಟ್ ದಿನಾ ತನ್ನ ಹಳೇ ಕಾರಿನಲ್ಲಿ ಕರೆತರುತ್ತಿದ್ದಳು. ಈಗ ಸ್ವಂತ ಮಾಡಿಕೊಳ್ಳಲು ಖಾಲಿ ಇದ್ದದ್ದು ಒಂದೇ ಜಾಗ.

"ಶುಕ್ರವಾರ ಹೇಳ್ತೀನಿ," ಎಂದ ಮೇಸ್ತ್ರಿ ಫೋಲ್ಕರ್. ಹೋಗುವಾಗ ಆನೆಟ್ ಕಡೆ ತಿರುಗಿ, "ಏನಮ್ಮಾ, ಇನ್ನೂ ಲೋಟ ತಂದಿಲ್ವಾ ನೀನು?" ಎಂದು ನಕ್ಕ.

ಅಯ್ಯೋ, ಅವನು ಆಡಿದ್ದು ಬಾಯಿಮಾತು. ಜಾಗ ತನಗೇ ಎಂದು ಅವಳು ಅದನ್ನೇ ನಂಬಿಬಿಟ್ಟಳು. ಮರುದಿನವೇ ನೀಲಿ ಹೂವಿನ ಪಿಂಗಾಣಿ ಲೋಟ ತಂದಳು. ಅದರ ಮೇಲಿನ ಹೂ ಅವಳೇ ಬರೆದದ್ದು. ಹಲಗೆಯ ಮೇಲೆ ನನ್ನ ಲೋಟದ ಪಕ್ಕ ಇಟ್ಟು, ಎರಡೆರಡು ಸಲ ತಿರುಗಿ ನೋಡಿದಳು.

ನಮ್ಮಲ್ಲಿ ಕೆಲಸಕ್ಕೆ ಸೇರಿದವರು ಸಾಲಿಗೆಲ್ಲ ತಿನ್ನಲು ತರಬೇಕು, ಬಿಟ್ಟು ಹೋಗುವವರೂ ತರಬೇಕು. ಆ ಶುಕ್ರವಾರ ಆನೆಟ್, ಡೋರೀನ್ ಇಬ್ಬರೂ ಸೇರಿ ಒಂದೇ ಗಸಗಸೆ ಕೇಕು ಮಾಡಿ ತಂದಿದ್ದರು.

"ಯಾರು ಉಳಿದ್ರೂ ಯಾರು ಹೋದ್ರೂ ಕೇಕಂತೂ ಬೇಕೇ ಬೇಕಲ್ಲ," ಎಂದು ಡೋರೀನ್ ನಕ್ಕಳು. ಯಾರೂ ನಗಲಿಲ್ಲ. ಕೇಕಿನ ಮೇಲಿನ ಬಟ್ಟೆಯನ್ನೂ ಯಾರೂ ಮುಟ್ಟಲಿಲ್ಲ. ಆನೆಟ್ ದೀಪದ ಸ್ಕ್ರೂ ಎರಡು ಸಲ ಬೀಳಿಸಿದಳು. ಅವಳ ಕೈಯಿಂದ ಸ್ಕ್ರೂ ಬಿದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಬಿಡುವಿನ ಹೊತ್ತಿಗೆ ಫೋಲ್ಕರ್ ಬಂದ. ಮುಖ ನೋಡದೆ ಕೇಕನ್ನೇ ನೋಡುತ್ತ ನಿಂತ.

"ಡೋರೀನ್, ಸೋಮವಾರ ನೀಲಿ ಅಂಗಿ ತಗೋ. ಆನೆಟ್, ಏನ್ ಮಾಡ್ಲಿ, ಮೇಲಿನೋರು ವಯಸ್ಸು ನೋಡ್ತಾರೆ. ಮೂರು ತಿಂಗಳು ಆಗ್ಲಿ, ಏಜೆನ್ಸಿಗೆ ನಾನೇ ಹೇಳ್ತೀನಿ."

ನಿನ್ನ ಬಾಯಿಗಿಷ್ಟು ಮಣ್ಣು ಬೀಳ ಎಂದು ಮನಸ್ಸಿನಲ್ಲೇ ಶಪಿಸಿದೆ. ಆನೆಟ್ ಬಟ್ಟೆ ತೆಗೆದು ಕೇಕು ಕೊಯ್ದಳು. ದೊಡ್ಡ ತುಂಡನ್ನು ಅವನಿಗೇ ಕೊಟ್ಟಳು.

"ತಿನ್ನು ಫೋಲ್ಕರ್, ಸಕ್ಕರೆ ಸರಿಯಾಗೇ ಹಾಕಿದೀನಿ."

ಡೋರೀನ್ ಮೂಲೆಯಲ್ಲಿ ನಿಂತು ಅಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಅದೇ ಹಳೇ ಕಾರು! ಡೋರೀನ್ ತಲೆ ತಗ್ಗಿಸಿಕೊಂಡು ಇಳಿದು ಒಳಗೆ ಓಡಿದಳು. ನಾನು ಹೋಗಿ ಗಾಜು ಬಡಿದೆ.

"ನಿನಗೇನು ಹುಚ್ಚೇನೇ? ಬೆಚ್ಚಗೆ ಮಲಗೋದು ಬಿಟ್ಟು!"

"ಅವಳಿಗೆ ಬಸ್ಸೆಲ್ಲಿದೆ? ತಡವಾದ್ರೆ ಅವಳನ್ನೂ ತೆಗೆದು ಹಾಕ್ತಾರೆ. ಅವಳು ಗಾಡಿ ಕಲಿತು ಲೈಸೆನ್ಸ್ ಸಿಗೋವರೆಗೆ ನಾನೇ ತಂದು ಬಿಡ್ತೀನಿ." ಫೋನು ಅವಳ ತೊಡೆಯ ಮೇಲಿತ್ತು. ಮಾತಾಡುವಾಗಲೂ ಕಣ್ಣು ಅದರ ಮೇಲೇ.

"ಏಜೆನ್ಸಿಯವರು ಏನಾದ್ರೂ ಹೇಳಿದ್ರಾ?"

"ಇನ್ನೂ ಇಲ್ಲ." ಗಾಡಿ ಚಾಲೂ ಮಾಡುತ್ತ, "ಗುಡ್ರುನ್, ನನ್ನ ಲೋಟ ಅಲ್ಲೇ ಉಳೀತು. ಬರ್ತಾ ತಂದ್ಕೊಡ್ತೀಯಾ?" ಎಂದಳು.

"ಆಯ್ತು," ಎಂದೆ.

ಇವತ್ತಿನವರೆಗೂ ಕೊಟ್ಟಿಲ್ಲ. ದಿನಾ ಗೇಟಿನ ಹತ್ತಿರ ಅವಳು ಕೇಳುತ್ತಾಳೆ, ದಿನಾ ನಾನು ಮರೆತೆ ಎನ್ನುತ್ತೇನೆ. ಸಂಜೆ ನನ್ನ ಲೋಟದ ಜೊತೆ ಅದನ್ನೂ ತೊಳೆದು ಇಡುತ್ತೇನೆ. ಬೇಕಿದ್ದರೆ ಕೆಲಸಕ್ಕೆ ಒಳಗೆ ಬಂದು ಅವಳೇ ತೆಗೆದುಕೊಳ್ಳಲಿ.