ಚಿಪ್ಪುಮೀನಿನ ಗುಳಿಗೆಗೆ ಬೇರೆ ಡಬ್ಬಿ

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಗೋಣಿಬೀಡಿನ ಹತ್ತಿರ ಎಸ್ಟೇಟ್ ಕೆಲಸ ಬಿಟ್ಟ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದರು. ಕ್ಯಾನ್ಸರಿಗೆ ದಿನಾ ಮಾತ್ರೆ ನುಂಗಬೇಕಿತ್ತು. ಜೊತೆಗೆ ಮಗಳು ಸಮುದ್ರದ ಚಿಪ್ಪುಮೀನಿನ ಪುಡಿಯ ಗುಳಿಗೆ ತರಿಸಿಕೊಟ್ಟಿದ್ದಳು. "ಅದರಿಂದ ಸುಸ್ತು ಕಮ್ಮಿಯಾಗುತ್ತಾ ಅಂತ ಇನ್ನೂ ಪರೀಕ್ಷೆ ನಡೀತಿದೆ. ಬೇಕಾದ್ರೆ ತಗೊಳ್ಳಲಿ, ಮಾತ್ರೆ ಮಾತ್ರ ತಪ್ಪಬಾರದು" ಅಂದಿದ್ದರು ಡಾಕ್ಟರು.

ಒಂದು ಸೋಮವಾರ ಡಬ್ಬಿ ತೆಗೆದರೆ ಅವತ್ತಿನ ಮಾತ್ರೆ, ಗುಳಿಗೆ ಎರಡೂ ಮಿಕ್ಕಿದ್ದವು.

"ಸೋಮವಾರ ನಾವು ಮೀನು ಮುಟ್ಟಲ್ಲ ಸಿಸ್ಟರೇ," ಅಂದರು ಮೇಸ್ತ್ರಿ.

"ಕ್ಯಾನ್ಸರ್ ಮಾತ್ರೆ ಮೀನಲ್ವಲ್ಲ?"

"ಅದೂ ಅದೇ ಡಬ್ಬೀಲಿದೆಯಲ್ಲ."

ಬೈಯಲು ಬಾಯಿ ತೆರೆದವಳಿಗೆ ಅಮ್ಮನ ಏಡಿ ಮಡಕೆ ನೆನಪಾಯಿತು. ಮೊದಲ ಮಳೆಗೆ ನಾವು ಹಳ್ಳದಲ್ಲಿ ಹಿಡಿದು ತಂದ ಏಡಿಯನ್ನು ಅಮ್ಮ ಹಿತ್ತಲಿನ ಒಲೆಯಲ್ಲೇ ಬೇಯಿಸುತ್ತಿದ್ದಳು. ಆ ಮಡಕೆ ಒಂದು ದಿನವೂ ಅಡುಗೆಮನೆಯ ಹೊಸಿಲು ದಾಟಲಿಲ್ಲ. ಒಲೆಯ ಸುತ್ತ ಕೂತು ಏಡಿಕಾಲು ಚೀಪುತ್ತಿದ್ದ ನಮ್ಮ ಕೈಗೆ ಎರಡು ದಿನ ಕಾಳುಮೆಣಸಿನ ವಾಸನೆ ಇರುತ್ತಿತ್ತು.

ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ತಪ್ಪಿದ್ದನ್ನು ತಿಳಿಸಿದೆ; ಅವತ್ತಿನದನ್ನು ಈಗಲೇ ನುಂಗಲಿ ಅಂದರು. ಆಮೇಲೆ ನನ್ನ ತಿಂಡಿ ಡಬ್ಬಿ ತೊಳೆದು, ಚಿಪ್ಪುಮೀನಿನ ಗುಳಿಗೆಗಳನ್ನೆಲ್ಲ ಅದಕ್ಕೆ ಹಾಕಿ, ಹೊರಗೆ ಜಗಲಿಯ ಗೂಡಿನಲ್ಲಿಟ್ಟೆ. ಮೇಸ್ತ್ರಿಯವರು ಮಾತ್ರೆಯ ಸ್ಟ್ರಿಪ್ಪಿಗೆ ತುಳಸಿ ನೀರು ಚಿಮುಕಿಸಿ, ಅವತ್ತಿನ ಮಾತ್ರೆಯನ್ನು ನನ್ನೆದುರೇ ನುಂಗಿದರು.

ನಾನೂ ದಿನಾ ಮೀನೆಣ್ಣೆ ಗುಳಿಗೆ ನುಂಗುತ್ತೇನೆ. ಮರೆಯಬಾರದು ಅಂತ ಅದರ ಬಾಟಲಿ ಇಟ್ಟಿರುವುದು ದೇವರ ಗೂಡಿನಲ್ಲಿ, ದೀಪದ ಪಕ್ಕ. ಅದನ್ನು ಮೇಸ್ತ್ರಿಯವರಿಗೆ ಹೇಳಲಿಲ್ಲ.