ರಘುನಂದನ್ ಬರೆಯುವ ಕೊನೆಯ ಸಾಲು

ದೆಹಲಿಯ ಮುನಿರ್ಕಾದ ನಮ್ಮ ರಘುನಂದನ್ ಸೇವಾಸಂಸ್ಥೆಯೊಂದಕ್ಕಾಗಿ ಮನೆಮನೆಗೆ ಅಂಚೆಯಲ್ಲಿ ಹೋಗುವ ದೇಣಿಗೆ ಪತ್ರ ಬರೆಯುತ್ತಾರೆ. ಮದುವೆಗೆ ಕರೆದರೂ ಆಮಂತ್ರಣದ ಕಾಗದ ತಿಕ್ಕಿ ನೋಡಿ, "ದಪ್ಪ ಜಾಸ್ತಿಯಾಯ್ತು, ಯಾರಿಗೂ ಕರುಣೆ ಬರಲ್ಲ" ಎನ್ನುವ ಆಸಾಮಿ. "ಜನ ಮೊದಲು ಓದೋದೇ ಕೊನೇ ಸಾಲು, ಭಯ್ಯಾ! ಅಳು ಅಲ್ಲಿಡಿ" ಎಂಬುದು ಅವರ ಮಂತ್ರ. ಒಂಬತ್ತು ವರ್ಷದಿಂದ ಅವರ ಪತ್ರದಲ್ಲಿ ಆರು ವರ್ಷದ ಪಿಂಕಿಯದೇ ಫೋಟೋ, ಕೊನೆಗೆ ಅದೇ ಸಾಲು: "ಪಿಂಕಿ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾಳೆ." ಪಿಂಕಿ ಮೊದಲ ವರ್ಷವೇ ತೀರಿಕೊಂಡಳು. ಫೋಟೋ ಬದಲಿಸೋಣವೆಂದರೆ, "ಇವಳಷ್ಟು ದೇಣಿಗೆ ಯಾರೂ ತರಲ್ಲ" ಎಂದು ಗದರುತ್ತಾರೆ. ಪ್ರತಿ ದೀಪಾವಳಿಗೆ ಅವಳ ತಾಯಿ ಆಫೀಸಿಗೆ ಬಂದು, "ಹೋದ ವರ್ಷದ್ದು ಮುಟ್ಟಿ ಮುಟ್ಟಿ ಮಾಸಿದೆ, ಸಾಬ್, ಬೇರೆ ಫೋಟೋ ಇಲ್ಲ" ಎಂದು ಹೊಸ ಪತ್ರ ಕೇಳುತ್ತಾಳೆ. ರಘುನಂದನ್ ಕೊಡುತ್ತಾರೆ. ಕೊಡುವ ಮೊದಲು ಸ್ಕೇಲಿಟ್ಟು ಆ ಕೊನೆಯ ಸಾಲನ್ನು ಹರಿದು ತೆಗೆಯುತ್ತಾರೆ.